ಹಡಗಿಗಿಂತ ಉದ್ದದ ವಿಮಾನ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಒಂದು ಯುದ್ಧನೌಕೆಯನ್ನೂ ಒಂದು ಯುದ್ಧವಿಮಾನವನ್ನೂ ದಡಕ್ಕೆ ತಂದು ನಿಲ್ಲಿಸಿದ್ದಾರೆ. ಹಡಗು 38.6 ಮೀಟರ್ ಉದ್ದ, ವಿಮಾನ 53 ಮೀಟರ್. ಹಡಗಿಗಿಂತ ವಿಮಾನವೇ 14 ಮೀಟರ್ ಹೆಚ್ಚು! ಮನೆಯಲ್ಲಿ ಕೂತು ಓದಿದರೆ ಇದು ಅಷ್ಟೇನೂ ಅನ್ನಿಸುವುದಿಲ್ಲ. ವಿಮಾನದ ಮೂತಿಯ ಕೆಳಗಿಂದ ಹೊರಟು ಬಾಲದ ತನಕ ಹೆಜ್ಜೆ ಹಾಕಿ, ಆಮೇಲೆ ಹಡಗಿನ ಮಗ್ಗುಲಲ್ಲೂ ಹಾಗೇ ನಡೆದು ನೋಡಬೇಕು. ಹಡಗು ಬೇಗ ಮುಗಿದುಹೋಗುತ್ತದೆ.

ಇನ್ನೂ ವಿಚಿತ್ರ ಇರುವುದು ಎಂಜಿನ್ನಿನಲ್ಲಿ. ಹಡಗಿನ ಹೆಸರು ಐಎನ್‌ಎಸ್ ಚಪಲ್. ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆ ಸೇರಿತು, 2005ರಲ್ಲಿ ನಿವೃತ್ತಿಯಾಯಿತು, ಮರುವರ್ಷ ಇಲ್ಲಿ ವಸ್ತುಸಂಗ್ರಹಾಲಯವಾಯಿತು. ಅದರ ಹೊಟ್ಟೆಯಲ್ಲಿದ್ದದ್ದು ಮೂರು ಡೀಸೆಲ್ ಎಂಜಿನ್. ನಮ್ಮ ಊರಿನ ಜೀಪಿಗೆ ನಾಲ್ಕು ಸಿಲಿಂಡರ್. ಈ ಎಂಜಿನ್ ಒಂದೊಂದಕ್ಕೂ 56. ಏಳು ಸಾಲು, ಸಾಲಿಗೆ ಎಂಟು, ನಡುವಿನ ದಂಡದ ಸುತ್ತ ನಕ್ಷತ್ರದ ಆಕಾರದಲ್ಲಿ ಜೋಡಿಸಿದ್ದು. ಮೂರೂ ಸೇರಿ 168 ಸಿಲಿಂಡರ್, ಒಟ್ಟು 15 ಸಾವಿರ ಅಶ್ವಶಕ್ತಿ. ಇಷ್ಟೆಲ್ಲ ಇದ್ದರೆ 245 ಟನ್ನಿನ ಉಕ್ಕು ನೀರಿನ ಮೇಲೆ ಗಂಟೆಗೆ 65 ಕಿಲೋಮೀಟರಿಗೂ ಮೀರಿ ಓಡಬಲ್ಲದು.

ಪಕ್ಕದ ವಿಮಾನ ಟುಪೊಲೆವ್ 142. ಅದಕ್ಕೆ ನಾಲ್ಕು ಎಂಜಿನ್. ಒಂದೊಂದರ ಬಲವೂ ಸುಮಾರು 15 ಸಾವಿರ ಅಶ್ವಶಕ್ತಿ. ಹಡಗಿನ 168 ಸಿಲಿಂಡರ್ ಒಟ್ಟಾಗಿ ಮಾಡುವ ಕೆಲಸವನ್ನು ರೆಕ್ಕೆಗೆ ತೂಗುಬಿದ್ದ ಒಂದೇ ಎಂಜಿನ್ ಮಾಡುತ್ತದೆ; ಅಂಥವು ಇನ್ನೂ ಮೂರಿವೆ. ಪ್ರತಿ ಎಂಜಿನ್ನಿನ ಮುಂದೆ ಒಂದರ ಹಿಂದೊಂದು ಎರಡು ಪಂಖ, ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಪಂಖಕ್ಕೆ ನಾಲ್ಕು ಎಲೆಯಂತೆ ಲೆಕ್ಕ ಹಾಕಿದರೆ ಒಟ್ಟು 32 ಎಲೆ. ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ಇಂಧನ, ಶಸ್ತ್ರ ಎಲ್ಲ ತುಂಬಿಕೊಂಡು ನೆಲ ಬಿಡುವಾಗಿನ ತೂಕ 185 ಟನ್ನಿನವರೆಗೆ. ಅಂದರೆ ಚಪಲ್‌ನ ಮುಕ್ಕಾಲು ಪಾಲು ಭಾರ ಆಕಾಶಕ್ಕೆ ಏರುತ್ತಿತ್ತು.

ಭಾರತದಲ್ಲಿ ಇಂಥ ವಿಮಾನ ಎಂಟು ಇದ್ದವು. 1988ರಲ್ಲಿ ಪಕ್ಕದ ಗೋವಾದ ದಾಬೋಲಿಯಲ್ಲಿ ದಳ ಶುರುವಾಯಿತು, 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋಯಿತು, 2017ರ ಮಾರ್ಚಿನಲ್ಲಿ ಮುಗಿಯಿತು. 29 ವರ್ಷ, 30 ಸಾವಿರ ಗಂಟೆ ಹಾರಾಟ, ಒಂದೂ ಅಪಘಾತವಿಲ್ಲ ಎಂದು ನೌಕಾಪಡೆ ಹೇಳಿಕೊಂಡಿದೆ. 30 ಸಾವಿರ ಗಂಟೆಯನ್ನು 24ರಿಂದ ಭಾಗಿಸಿದರೆ 1,250 ದಿನ. ಮೂರು ವರ್ಷ ಐದು ತಿಂಗಳು ನೆಲಕ್ಕೆ ಕಾಲಿಡದೆ ಆಕಾಶದಲ್ಲೇ ಇದ್ದಂತೆ.

ಈ ಭಾಗಾಕಾರ ನನ್ನದಲ್ಲ, ಭಾವನದು. ಸೊಸೈಟಿಯಲ್ಲಿ ಲೆಕ್ಕ ಬರೆದೇ ನಿವೃತ್ತರಾದವರು. ಯಾವ ಸಂಖ್ಯೆ ಹೇಳಿದರೂ ಬೆರಗಾಗುವ ಮೊದಲು ಅದನ್ನು ಯಾವುದರಿಂದ ಭಾಗಿಸಬೇಕು ಎಂದು ನೋಡುವ ಅಭ್ಯಾಸ. ಅವರ ಜೊತೆ ಕಾರವಾರ ನೋಡಿದ್ದರಿಂದಲೇ ಈ ಬರಹ ಹೀಗಾಗಿದೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಚಪಲ್ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತು ಎಂದು ಅಲ್ಲಲ್ಲಿ ಬರೆಯುತ್ತಾರೆ, ಹೇಳುತ್ತಾರೆ. 1976ರಲ್ಲಿ ಸೇವೆಗೆ ಬಂದ ಹಡಗು 1971ರಲ್ಲಿ ಯುದ್ಧ ಮಾಡುವುದು ಹೇಗೆ? ಆ ವರ್ಷದ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದವು ನಿಪಾತ್, ನಿರ್ಘಾತ್, ವೀರ್. ಇದೇ ಮಾದರಿಯ ಮೊದಲ ತಲೆಮಾರಿನವು. ಚಪಲ್ ಅವುಗಳ ತಮ್ಮ. ತಮ್ಮನಿಗೆ ಅಣ್ಣಂದಿರ ಪರಾಕ್ರಮ ಅಂಟಿಸುವ ಅಗತ್ಯವೇನೂ ಇಲ್ಲ, 56 ಸಿಲಿಂಡರಿನ ಎಂಜಿನ್ನೇ ಸಾಕು.

ಕಾರವಾರ ಉತ್ತರ ಕನ್ನಡದ ಜಿಲ್ಲಾ ಕೇಂದ್ರ. ಆದರೂ ಕಡಲತೀರದ ಈ ಉದ್ಯಾನವನ್ನು ನೋಡಲೆಂದೇ ಬರುವವರು ಕಡಿಮೆ. ಗೋವಾಕ್ಕೆ ಹೊರಟ ಕಾರುಗಳು ಮೇಲ್ಸೇತುವೆ ಹತ್ತಿ ಹಾದುಹೋಗುತ್ತವೆ, ಗೋಕರ್ಣ, ಮುರ್ಡೇಶ್ವರಕ್ಕೆ ಹೊರಟವರು ಇನ್ನೊಂದು ದಿಕ್ಕಿಗೆ. ಘಟ್ಟದ ಮೇಲಿನ ನಮ್ಮಂಥವರಿಗೆ ಕಾರವಾರ ಅಂದರೆ ಡಿಸಿ ಕಚೇರಿ, ಕೋರ್ಟು, ಆಸ್ಪತ್ರೆ. ಕೆಲಸ ಮುಗಿದರೆ ಸಂಜೆಯ ಬಸ್ಸು ಹಿಡಿಯುವ ಅವಸರ. ಉತ್ತರದಲ್ಲಿ ಕೋಡಿಬಾಗದ ಬಳಿ ಕಾಳಿ ನದಿ ಕಡಲು ಸೇರುವ ಬಾಯಿ, ದಕ್ಷಿಣದಲ್ಲಿ ಬೈತಖೋಲದ ಬಂದರು, ಈ ಎರಡರ ನಡುವೆ ಬಿಲ್ಲಿನಂತೆ ಬಾಗಿದ ಮರಳು. ಅದರ ಅಂಚಿನಲ್ಲಿ ಗಾಳಿಮರಗಳು, ಮಕ್ಕಳ ಜಾರುಬಂಡೆ, ಹಡಗು, ವಿಮಾನ, ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ ಸಮುದಾಯಗಳ ಬದುಕನ್ನು ಪ್ರತಿಮೆಗಳಲ್ಲಿ ತೋರಿಸುವ ರಾಕ್ ಗಾರ್ಡನ್. ಯಲ್ಲಾಪುರದ ಕಡೆಯಿಂದ ಹೋದವರಿಗೆ ಆ ಪ್ರತಿಮೆಗಳ ಮುಂದೆ ನಿಲ್ಲುವಾಗ ಸ್ವಲ್ಪ ಮುಜುಗರ. ನಿನ್ನೆ ಸಂತೆಯಲ್ಲಿ ಮಾತಾಡಿಸಿದವರನ್ನೇ ಇಂದು ಟಿಕೆಟ್ ಕೊಂಡು ಸಿಮೆಂಟಿನಲ್ಲಿ ನೋಡುವುದು.

ಅಲ್ಲಿಂದ ತಲೆ ಎತ್ತಿದರೆ ದಕ್ಷಿಣದ ಗುಡ್ಡದ ಬುಡದಲ್ಲಿ ಎಣ್ಣೆಯ ದೊಡ್ಡ ದೊಡ್ಡ ಟ್ಯಾಂಕುಗಳು, ಧಕ್ಕೆ, ಧಕ್ಕೆಗೆ ಒರಗಿದ ಹಡಗು. ಬರುವುದು ಡಾಂಬರು, ಕುಲುಮೆ ಎಣ್ಣೆ. ಹೋಗುವುದು ಸಕ್ಕರೆ ಕಾರ್ಖಾನೆಗಳ ಕಾಕಂಬಿ. ಧಕ್ಕೆಯ ಒಟ್ಟು ಉದ್ದ 355 ಮೀಟರ್. ಮಂಗಳೂರಿನ ಬಂದರಿನ ಎದುರು ಇದು ಚಿಕ್ಕದು. ಆದರೂ ಒಂದು ಹಡಗು ಐದು ಸಾವಿರ ಟನ್ ಡಾಂಬರು ತಂದರೆ ಅದನ್ನು ಸಾಗಿಸಲು 20 ಟನ್ನಿನ ಟ್ಯಾಂಕರ್ ಲಾರಿ 250 ಬೇಕು.

ಘಟ್ಟದ ಮೇಲಿನ ನಮ್ಮ ವಜ್ರಳ್ಳಿಯಿಂದ ಇಲ್ಲಿಗೆ ಎರಡು ದಾರಿ. ಇಡಗುಂದಿಗೆ ಬಂದು ಹೆದ್ದಾರಿ ಹಿಡಿದು, ಅರಬೈಲ್ ಘಟ್ಟ ಇಳಿದು, ಅಂಕೋಲೆಯ ಮೇಲೆ ಹೋಗುವುದು ಒಂದು. ಬಾರೆಯ ಕಡೆಯಿಂದ ಘಟ್ಟ ಇಳಿದು ಕೈಗಾ, ಕದ್ರಾ ಹಾದು ಕಾಳಿಯ ಜೊತೆಜೊತೆಗೇ ಹೋಗುವುದು ಇನ್ನೊಂದು. 2021ರ ಜುಲೈ ಮಳೆಗೆ ನಮ್ಮ ಕಳಚೆಯಲ್ಲಿ ಗುಡ್ಡ ಅಡಿಕೆ ತೋಟಗಳನ್ನು ಹೊತ್ತುಕೊಂಡೇ ಜಾರಿದಾಗ ಕೈಗಾ ರಸ್ತೆಯೂ ಕುಸಿದಿತ್ತು. ಆಮೇಲೆ ಆ ದಾರಿಯಲ್ಲಿ ಮಳೆಗಾಲದಲ್ಲಿ ಹೋಗಲು ಭಾವ ಒಪ್ಪುವುದಿಲ್ಲ. ಬೇಸಿಗೆಯಾದ್ದರಿಂದ ಅದರಲ್ಲೇ ಇಳಿದೆವು.

ಈ ದಾರಿಯಲ್ಲಿ ಸಂಖ್ಯೆಗಳು ತಾವೇ ಎದುರಾಗುತ್ತವೆ. ಕಾಳಿ ಒಟ್ಟು 184 ಕಿಲೋಮೀಟರ್ ಉದ್ದದ ನದಿ, ಹುಟ್ಟುವುದೂ ಕಡಲು ಸೇರುವುದೂ ಇದೇ ಜಿಲ್ಲೆಯಲ್ಲಿ. ಮೇಲೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು, ಹಿಂದೆ 147 ಟಿಎಂಸಿ ನೀರು. ಟಿಎಂಸಿ ಅಂದರೆ ಪತ್ರಿಕೆಯಲ್ಲಿ ಓದುತ್ತೇವೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಸೂಪಾ ತುಂಬಿದಾಗಿನ ನೀರನ್ನು ದೇಶದ 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಹತ್ತಿರ ಹತ್ತಿರ ಮೂರು ಸಾವಿರ ಲೀಟರ್! ಹಸುಗೂಸಿಗೂ ಮೂರು ಸಾವಿರ. ಸೂಪಾ ಎಂಬ ಊರೇ ಆ ನೀರಿನಡಿಗೆ ಹೋಗಿದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳು ಸೇರಿ 1,250 ಮೆಗಾವ್ಯಾಟ್ ದಾಟುತ್ತವೆ. ಕದ್ರಾ ಜಲಾಶಯದ ನೀರನ್ನೇ ತಂಪಿಗೆ ಬಳಸುವ ಕೈಗಾದ್ದು 220ರಂತೆ ನಾಲ್ಕು ಘಟಕ, 880. ಎರಡನ್ನೂ ಕೂಡಿಸಿ ನದಿಯ ಉದ್ದದಿಂದ ಭಾಗಿಸಿದರೆ ಕಾಳಿಯ ಪ್ರತಿ ಕಿಲೋಮೀಟರಿಗೂ 11 ಮೆಗಾವ್ಯಾಟಿಗಿಂತ ಹೆಚ್ಚು. ನಮ್ಮ ಮನೆಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ ಎಂಬುದನ್ನು ಭಾವ ಇಲ್ಲಿ ತಪ್ಪದೆ ಸೇರಿಸುತ್ತಾರೆ, ನಾನೂ ಸೇರಿಸುತ್ತೇನೆ.

ಕೈಗಾದ ಒಂದನೇ ಘಟಕ 2016ರ ಮೇ 13ರಂದು ಶುರುವಾದದ್ದು 2018ರ ಡಿಸೆಂಬರ್ 31ರ ತನಕ ನಿಲ್ಲಲೇ ಇಲ್ಲ. 962 ದಿನ. ಅದಕ್ಕೆ ಮೊದಲು ಜಗತ್ತಿನ ದಾಖಲೆ ಇದ್ದದ್ದು ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನ. ಕೈಗಾದ ದಾಖಲೆಯನ್ನು ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಮುರಿಯಿತು, 1,106 ದಿನ. ಕೈಗಾದ ರಿಯಾಕ್ಟರಿನ ವಂಶವೂ ಕೆನಡಾದ್ದೇ, ಹಾಗಾಗಿ ಮನೆಯ ದಾಖಲೆ ಮನೆಯವರೇ ಮುರಿದಂತಾಯಿತು. ಆ 962 ದಿನಗಳಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 500 ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಒಂದು ಮನೆಗೆ ಅದು 41 ಲಕ್ಷ ವರ್ಷಕ್ಕೆ ಬರುತ್ತದೆ. ಮನುಷ್ಯ ಎಂಬ ಜೀವಿಯೇ ಇಲ್ಲದ ಕಾಲದಿಂದ ಉರಿಸುತ್ತ ಬಂದಿದ್ದರೂ ಮುಗಿಯುತ್ತಿರಲಿಲ್ಲ.

ಇವೆಲ್ಲವನ್ನೂ ದಾಟಿ ಬಂದು ಕಡಲತೀರದಲ್ಲಿ ನಿಂತವರಿಗೆ ಬೇಲಿಯಿಲ್ಲದ ಜಾಗ ಸಿಗುವುದು ಇದೇ ಮೊದಲು. ಅಣೆಕಟ್ಟಿಗೆ ಪಾಸು ಬೇಕು, ಸ್ಥಾವರಕ್ಕೆ ಒಳಗೆ ಬಿಡುವುದಿಲ್ಲ, ಬಂದರಿಗೆ ಗೇಟು, ನೌಕಾನೆಲೆಗೆ ಬಂದೂಕು ಹಿಡಿದ ಕಾವಲು. ಮುಟ್ಟಿ ನೋಡಬಹುದಾದ ದೊಡ್ಡ ವಸ್ತು ಅಂದರೆ ಉದ್ಯಾನದ ಈ ಹಡಗು, ಈ ವಿಮಾನ. ಕಾಣದ್ದನ್ನೆಲ್ಲ ಇವುಗಳಿಂದಲೇ ಅಳೆಯಬೇಕು, ಹಾಗೆ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಬಂದರಿನ ಗುಡ್ಡದ ಆಚೆ ಬಿಣಗಾ, ಅರ್ಗಾ. ಅಲ್ಲಿಂದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ನಡುವೆ ಹದಿನೆಂಟು ವರ್ಷಕ್ಕೂ ಹೆಚ್ಚು. ಬನವಾಸಿಯಿಂದ ಆಳಿದವರ ಹೆಸರು ಕಡಲಿನ ನೆಲೆಗೆ ಬಂದದ್ದು ಶಿರಸಿ ಸೀಮೆಯವರಿಗೆ ಹಿಡಿಸುವ ಸಂಗತಿ. ಅಲ್ಲಿ ಹಡಗನ್ನು ನೀರಿನಿಂದ ಹಾಗೇ ಮೇಲೆತ್ತಿ ಒಣನೆಲಕ್ಕೆ ತರುವ ಯಂತ್ರವಿದೆ, ಎತ್ತುವ ಭಾರ 10 ಸಾವಿರ ಟನ್. ಚಪಲ್‌ನಂಥ ನಲವತ್ತು ಹಡಗನ್ನು ಒಟ್ಟಿಗೆ ಇಟ್ಟರೂ ಅದಕ್ಕೆ ಹೊರೆಯಲ್ಲ.

ಅಲ್ಲಿಯ ದೊಡ್ಡ ನಿವಾಸಿ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ. 2013ರ ನವೆಂಬರಿನಲ್ಲಿ ರಷ್ಯಾದ ಸೆವೆರೊಡ್ವಿನ್‌ಸ್ಕ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿ, 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಉದ್ದ 284 ಮೀಟರ್. ಚಪಲ್‌ಗಳನ್ನು ಒಂದರ ಹಿಂದೊಂದು ಏಳು ನಿಲ್ಲಿಸಿದರೂ ಇನ್ನೂ 14 ಮೀಟರ್ ಬಾಕಿ. ತೂಕ 44,500 ಟನ್, ಅಂದರೆ 181 ಚಪಲ್. ಎದುರು ಕಾಣುವ ಬೈತಖೋಲದ ಇಡೀ ಧಕ್ಕೆಗೆ ಅದನ್ನು ಒರಗಿಸಿದರೆ 71 ಮೀಟರ್ ಮಾತ್ರ ಖಾಲಿ ಉಳಿಯುತ್ತದೆ. ಧಕ್ಕೆಯ ಆಳಕ್ಕೆ ಅದು ಹೊಂದುವುದಿಲ್ಲ, ಆ ಮಾತು ಬೇರೆ.

ಹಡಗಿನ ಅಡುಗೆಮನೆಯ ಲೆಕ್ಕವನ್ನು ಸರಕಾರವೇ ಪ್ರಕಟಿಸಿದೆ: ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ ಮೊಟ್ಟೆ, 20 ಸಾವಿರ ಲೀಟರ್ ಹಾಲು, 16 ಟನ್ ಅಕ್ಕಿ. ಗಾಳಿಮರದ ನೆರಳಿನಲ್ಲಿ ಕೂತು ನಾನು ಇದನ್ನು ಹೇಳಿದೆ.

“ಲಕ್ಷ ಮೊಟ್ಟೆಯಡ ಭಾವಾ, ತಿಂಗಳಿಗೆ!”

“ಜನ ಎಷ್ಟಡ?”

“ಸಾವಿರದ ಆರುನೂರು.”

“ಹಂಗಾರೆ ದಿನಕ್ಕೆ ಎರಡು ಬಂತು. ಅದ್ರಲ್ಲೆಂತ ವಿಶೇಷ ಇದ್ದು?”

ಮೊಟ್ಟೆ ತಿನ್ನದವರ ಬಾಯಲ್ಲಿ ಈ ಉತ್ತರ! ಆದರೆ ಲೆಕ್ಕ ಸರಿ. ಹಾಲು ದಿನಕ್ಕೆ ನಾನೂರು ಮಿಲಿಲೀಟರಿನ ಸುಮಾರು. ಅಕ್ಕಿ ತಿಂಗಳಿಗೆ ತಲೆಗೆ ಹತ್ತು ಕಿಲೋ, ಎರಡು ಹೊತ್ತು ಉಂಡರೆ ನಮ್ಮಲ್ಲೂ ಅಷ್ಟೇ ಖರ್ಚು. ಲಕ್ಷ, ಸಾವಿರ ಎಂದು ಕೇಳಿದಾಗ ದೈತ್ಯನ ಊಟದಂತೆ ಕಂಡದ್ದು, ತಲೆಗಳಿಂದ ಭಾಗಿಸಿದೊಡನೆ ಮನೆಯ ಊಟವಾಯಿತು. ಹಡಗು ದಿನಕ್ಕೆ 400 ಟನ್ ಕಡಲ ನೀರನ್ನು ಸಿಹಿನೀರು ಮಾಡಿಕೊಳ್ಳುತ್ತದೆ. ಅದನ್ನು ಮಾತ್ರ ಭಾಗಿಸಿದರೂ ತಲೆಗೆ 250 ಲೀಟರ್ ಬರುತ್ತದೆ, ಬೇಸಿಗೆಯಲ್ಲಿ ನಮ್ಮ ಬಾವಿಯ ಮುಂದೆ ಇದು ಜಮೀನ್ದಾರಿಕೆ. ಯಂತ್ರಗಳ ಪಾಲೂ ಅದರಲ್ಲಿ ಸೇರಿರಬೇಕು ಎಂದು ಸಮಾಧಾನ ಮಾಡಿಕೊಂಡೆವು.

ಭಾಗಿಸಿದರೂ ಇಳಿಯದ ಸಂಖ್ಯೆಗಳೂ ಇವೆ. ಈ ನೆಲೆಗೆ ಹೋದ ಭೂಮಿ 11 ಸಾವಿರ ಎಕರೆಗೂ ಹೆಚ್ಚು, ಕರಾವಳಿಯ ಉದ್ದ ಸುಮಾರು 25 ಕಿಲೋಮೀಟರ್, ಎದ್ದು ಹೋದದ್ದು 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ. ಅಡಿಕೆ ತೋಟವನ್ನು ಗುಂಟೆಯಲ್ಲಿ ಹೇಳುವ ನಮಗೆ 11 ಸಾವಿರ ಎಕರೆ ಅಂದರೆ ನಾಲ್ಕು ಲಕ್ಷ ನಲವತ್ತು ಸಾವಿರ ಗುಂಟೆ. ಕುಟುಂಬಗಳಿಂದ ಭಾಗಿಸಿ ನೋಡಿ, ಮನೆಗೆ ನೂರು ಗುಂಟೆಯ ಸುಮಾರು ಬರುತ್ತದೆ. ಸರಾಸರಿ ಎಂಬುದು ಮೋಸದ್ದು, ಗುಡ್ಡ ಬೆಟ್ಟ ಎಲ್ಲ ಅದರಲ್ಲಿ ಸೇರಿದೆ. ಮೀನುಗಾರರ ಮನೆಗೆ ಇದ್ದದ್ದು ಗುಂಟೆಯಲ್ಲ, ದೋಣಿ ಎಳೆದಿಡುವ ಮರಳು. ಅದಕ್ಕೆ ಸರ್ವೆ ನಂಬರ್ ಇರಲಿಲ್ಲ. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು.

ಈ ಬಂದರಿಗೂ ನಮ್ಮ ಘಟ್ಟದ ರಸ್ತೆಗೂ ಇರುವ ನಂಟು ಹಳೆಯದು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಬ್ರಿಟಿಷರ ಕಣ್ಣು ಧಾರವಾಡ, ಹುಬ್ಬಳ್ಳಿಯ ಹತ್ತಿಯ ಮೇಲೆ ಬಿತ್ತು. ಅದನ್ನು ಕಡಲಿಗೆ ಇಳಿಸಲು ಕಾರವಾರ ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಅರಬೈಲಿನಲ್ಲಿ ಬಂಡಿ ರಸ್ತೆ ಇಳಿಸಿದರು, 1864ರಲ್ಲಿ ಕೊಲ್ಲಿಯ ಎದುರಿನ ದೇವಗಡ ದ್ವೀಪದಲ್ಲಿ ದೀಪಸ್ತಂಭ ಕಟ್ಟಿದರು. ಮಿಸಿಸಿಪ್ಪಿಯ ದಡದ ಜಗಳದಿಂದಾಗಿ ಯಲ್ಲಾಪುರದ ಕಾಡಿನಲ್ಲಿ ಎತ್ತಿನ ಗಾಡಿಯ ಸಾಲು! ರೈಲು ಮಾತ್ರ ಗೋವಾದ ಮುರ್ಮಗೋವಾಕ್ಕೆ ಹೋಯಿತು, ಕಾರವಾರ ಹಿಂದೆ ಉಳಿಯಿತು. ಸುಮಾರು 164 ಕಿಲೋಮೀಟರಿನ ಹುಬ್ಬಳ್ಳಿ–ಅಂಕೋಲಾ ರೈಲಿಗೆ 1990ರ ದಶಕದ ಕೊನೆಗೆ ಒಪ್ಪಿಗೆ ಸಿಕ್ಕಿತು. ಹೋಗಬೇಕಾದ ಕಾಡು 595 ಹೆಕ್ಟೇರ್. ಘಟ್ಟದ ಮೇಲೆ ಅದರ ಪರವಾಗಿಯೂ ವಿರೋಧವಾಗಿಯೂ ಒಂದೇ ಮನೆಯೊಳಗೆ ಜಗಳವಿದೆ.

ಬ್ರಿಟಿಷರ ಆ ಕಾಲದಲ್ಲೇ, 1883ರ ಸುಮಾರಿಗೆ ಇಲ್ಲಿಗೆ ಬಂದ 22 ವರ್ಷದ ರವೀಂದ್ರನಾಥರಿಗೆ ಊರು ಹಿಡಿಸಿತು. ಭಾರತೀಯರಲ್ಲಿ ಮೊದಲ ಐಸಿಎಸ್ ಅಧಿಕಾರಿಯಾದ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ದೋಣಿಯಲ್ಲಿ ಕಾಳಿಯೊಳಗೆ ಹೋಗಿ ಬೆಳದಿಂಗಳಲ್ಲಿ ವಾಪಸಾದದ್ದನ್ನು ಕವಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಇಲ್ಲಿಯೇ ಬರೆದದ್ದು. ಕಡಲತೀರಕ್ಕೆ ಅವರ ಹೆಸರು ಬಂದದ್ದು ಹೀಗೆ.

ಘಟ್ಟದ ರಸ್ತೆಗೆ ಹತ್ತಿ ತಾರದ ದಟ್ಟಣೆಯನ್ನು ಅದಿರು ತಂದಿತು. 2006ರಿಂದ 2010ರವರೆಗೆ ಬಳ್ಳಾರಿಯ ಕಡೆಯಿಂದ ಬೇಲೆಕೇರಿ, ಕಾರವಾರಕ್ಕೆ ಅದಿರಿನ ಲಾರಿಗಳು ಯಲ್ಲಾಪುರ, ಅರಬೈಲಿನ ಮೇಲೆಯೇ ಇಳಿದವು. ಇಡಗುಂದಿಯಲ್ಲಿ ಬಸ್ಸಿಗೆ ನಿಂತವರ ಬಿಳಿ ಪಂಚೆ ಕೆಂಪಾಗುತ್ತಿತ್ತು. “ಆಗ ರಸ್ತೆ ದಾಟಲೆ ಆಗ್ತಿತ್ತಿಲ್ಲೆ” ಎಂದು ಭಾವ ಈಗಲೂ ಹೇಳುತ್ತಾರೆ. 50 ಸಾವಿರ ಟನ್ನಿನ ಒಂದು ಹಡಗು ತುಂಬಲು 16 ಟನ್ನಿನ ಲಾರಿ 3,125 ಬೇಕು. ಒಂದು ಹಡಗಿಗೆ ಇಷ್ಟು. 2010ರ ಮಾರ್ಚಿನಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿದ ಅದಿರು ಲಕ್ಷಗಟ್ಟಲೆ ಟನ್. ಅದರಲ್ಲಿ ದೊಡ್ಡ ಪಾಲು ಆಮೇಲೆ ಕಾಣೆಯಾಯಿತು! ಹಡಗೇರಿ ಹೋಯಿತು ಎಂಬುದು ಲೋಕಾಯುಕ್ತ ತನಿಖೆಗೆ ಬಂತು. 5 ಲಕ್ಷ ಟನ್ ಎಂದು ಹಿಡಿದರೂ 31,250 ಲಾರಿ. ಲಾರಿಗೆ ಹತ್ತು ಮೀಟರ್ ಜಾಗದಂತೆ ಸಾಲಾಗಿ ನಿಲ್ಲಿಸಿದರೆ 312 ಕಿಲೋಮೀಟರ್, ಹುಬ್ಬಳ್ಳಿಯಿಂದ ಅಂಕೋಲೆಯ ಮೇಲೆ ಕಾರವಾರಕ್ಕೆ ಬಂದು, ತಿರುಗಿ ಹೆಚ್ಚುಕಡಿಮೆ ಕಲಘಟಗಿ ಮುಟ್ಟುವ ಸಾಲು. ಒಂದು ಕ್ವಿಂಟಲ್ ಅಡಿಕೆ ತೂಕದಲ್ಲಿ ಅರ್ಧ ಕಿಲೋ ವ್ಯತ್ಯಾಸ ಬಂದರೆ ವ್ಯಾಪಾರಿಯ ಜೊತೆ ಜಗಳಕ್ಕೆ ನಿಲ್ಲುವ ಸೀಮೆಯಲ್ಲಿ ಇದು ನಡೆಯಿತು. ಆ ವರ್ಷ ಜುಲೈನಲ್ಲಿ ಸರಕಾರ ರಾಜ್ಯದ ಸಣ್ಣ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು, ಪಂಚೆ ಮತ್ತೆ ಬಿಳಿಯಾಯಿತು.

ಉದ್ಯಾನದ ತೆರೆದ ಮರಳಿನ ವಿಷಯಕ್ಕೆ ಬರುತ್ತೇನೆ. ಸಾಗರಮಾಲಾ ಯೋಜನೆಯಲ್ಲಿ ಬೈತಖೋಲ ಬಂದರಿನ ಎರಡನೇ ಹಂತದ ವಿಸ್ತರಣೆ ಮಂಜೂರಾಗಿ, ಕೊಲ್ಲಿಯೊಳಗೆ ಹೊಸ ಅಲೆ ತಡೆಗೋಡೆ ಕಟ್ಟುವ ಕೆಲಸ 2020ರ ಜನವರಿಯಲ್ಲಿ ಶುರುವಾಯಿತು. ಮೀನುಗಾರರು ಕಡಲಿಗಿಳಿದು ತಡೆದರು, ಊರು ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. ಬಂದರಿನ ಕಡೆಯವರ ವಾದ ನನಗೆ ಅರ್ಥವಾಗದ್ದಲ್ಲ. 355 ಮೀಟರ್ ಧಕ್ಕೆಯನ್ನು ಇಟ್ಟುಕೊಂಡು ದೊಡ್ಡ ಹಡಗು ಕರೆಯಲಾಗದು, ಮಳೆಗಾಲದ ಅಲೆಗೆ ಗೋಡೆ ಬೇಕು, ಸರಕು ಬಂದರೆ ಊರಿಗೆ ಕೆಲಸ. ಆದರೆ ಮೀನುಗಾರರು ಎತ್ತಿದ ಲೆಕ್ಕ ಅದಕ್ಕಿಂತ ಸರಳ. ದಕ್ಷಿಣದ ತೀರಗಳೆಲ್ಲ ನೌಕಾನೆಲೆಗೆ ಹೋದ ಮೇಲೆ ಊರಿಗೆ ಉಳಿದದ್ದು ಇದೊಂದೇ ಮರಳು. ಇದರಲ್ಲಿ ಕಳೆಯುತ್ತ ಹೋದರೆ ಕೊನೆಗೆ ಉಳಿಯುವುದೆಷ್ಟು? 25 ಕಿಲೋಮೀಟರ್ ಕೊಟ್ಟವರು ಈ ಪ್ರಶ್ನೆ ಕೇಳುವುದು ಹೆಚ್ಚಲ್ಲ ಎಂದೇ ನನ್ನ ಅಭಿಪ್ರಾಯ.

ಯಾಕೆಂದರೆ ಇಲ್ಲಿ ರಂಪಣಿ ಬಿಡುತ್ತಾರೆ. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧವೃತ್ತ ಸುತ್ತಿ ಬಂದು, ಎರಡೂ ತುದಿಯನ್ನು ದಡದಲ್ಲಿ ಹಿಡಿದು ಎಳೆಯುವುದು. ದೊಡ್ಡ ರಂಪಣಿಯ ಉದ್ದ ಕಿಲೋಮೀಟರಿನ ಹತ್ತಿರ. ಚಪಲ್‌ನಂಥ ಇಪ್ಪತ್ತೈದು ಹಡಗಿನ ಉದ್ದದ ಈ ಬಲೆಯನ್ನು ಎಳೆಯುವುದು ಒಂದೂ ಸಿಲಿಂಡರ್ ಇಲ್ಲದೆ, ಕೈಯಲ್ಲಿ. ಎರಡು ಸಾಲಿನಲ್ಲಿ ಹತ್ತಾರು ಜನ, ಹೆಣ್ಣುಗಂಡು ಎನ್ನದೆ, ಹಿಮ್ಮಡಿಯನ್ನು ಮರಳಿಗೆ ಊರಿ ಒಂದೊಂದೇ ಮೊಳ ಹಿಂದಕ್ಕೆ. ಇದಕ್ಕೆ ಬೇಕಾದದ್ದು ಎರಡೇ, ಕಲ್ಲಿಲ್ಲದ ನೀರು ಮತ್ತು ಉದ್ದದ ಖಾಲಿ ದಡ. ಎಪ್ಪತ್ತರ ದಶಕದಲ್ಲಿ ಯಾಂತ್ರಿಕ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿಯ ವೈಭವ ಹೋಯಿತು. ಆದರೂ ಕಾರವಾರದಲ್ಲಿ ಅದು ನಿಂತಿಲ್ಲ.

ನಾವು ಹೋದ ಸಂಜೆ ಸಣ್ಣದೊಂದು ಬಲೆ ದಡಕ್ಕೆ ಬರುತ್ತಿತ್ತು. ಆಚೆ ಧಕ್ಕೆಯಲ್ಲಿ ಟ್ಯಾಂಕರ್ ಹಡಗಿನ ದೀಪ ಹತ್ತಿತ್ತು, ವಿಮಾನದ ರೆಕ್ಕೆಯ ಕೆಳಗೆ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರು. ಬಲೆಯಲ್ಲಿ ಬಂದದ್ದು ಕೆಲವು ಬುಟ್ಟಿ ಬಂಗಡೆ, ಒಂದಿಷ್ಟು ಚಿಲ್ಲರೆ ಮೀನು. ಮೀನು ತಿನ್ನದ ಭಾವನಿಗೆ ಅದರ ರುಚಿಯ ಬಗ್ಗೆ ಕೇಳಲು ಏನೂ ಇರಲಿಲ್ಲ. ಹಂಚಿಕೊಳ್ಳುವುದು ಹೇಗೆ ಎಂದು ಕೇಳಿದರು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಮಿಕ್ಕದ್ದು ಎಳೆದವರಿಗೆ ಎಂದ ಅಲ್ಲಿದ್ದ ಹಿರಿಯರೊಬ್ಬರು, ನಡುವೆ ಬಂದು ನಾಲ್ಕು ಮಾರು ಹಗ್ಗ ಎಳೆದು ಹೋದವರಿಗೂ ಒಂದು ಹಿಡಿ ಉಂಟು ಎಂದರು.

“ಅವ್ರನ್ನ ಎಷ್ಟು ಜನ ಅಂತ ಹಿಡಿತ್ರಿ?” ಎಂದು ಭಾವ ಕೇಳಿದರು.

“ಎಷ್ಟು ಬಂದ್ರೋ ಅಷ್ಟು” ಎಂದರು ಅವರು. ವಿಕ್ರಮಾದಿತ್ಯದ ಅಕ್ಕಿಯನ್ನು ಕುಳಿತಲ್ಲೇ ಭಾಗಿಸಿದ್ದ ಭಾವ ಇದಕ್ಕೆ ಏನು ಬರೆದುಕೊಳ್ಳುವುದೆಂದು ತಿಳಿಯದೆ ಬುಟ್ಟಿಗಳನ್ನೇ ಮತ್ತೊಮ್ಮೆ ಎಣಿಸತೊಡಗಿದರು.